‘ನನಗೆ ಸ್ವರ್ಗ ಸಿಕ್ಕೀತಾ?’ ಎಂದು ದಿನಾ ಕೇಳುವ ಅಪ್ಪನಿಗೆ ಏನು ಹೇಳಬೇಕು

ಪ್ರಶ್ನೆ: ನಮ್ಮದು ಕಾರವಾರದ ಹತ್ತಿರದ ಊರು, ಕಥೋಲಿಕ ಮನೆ. ಅಪ್ಪನಿಗೆ 77 ವರ್ಷ. ಅಮ್ಮ ತೀರಿಕೊಂಡ ಮೇಲೆ ಅವರಿಗೆ ಒಂದೇ ಚಿಂತೆ: ಸತ್ತ ಮೇಲೆ ದೇವರು ನನ್ನನ್ನು ಸೇರಿಸಿಕೊಳ್ಳುತ್ತಾನಾ ಅಂತ. ಸೌದಿಯಲ್ಲಿ ದುಡಿಯುವಾಗ ವರ್ಷಗಟ್ಟಲೆ ಭಾನುವಾರದ ಪೂಜೆ ತಪ್ಪಿತ್ತು. ಸೀಬರ್ಡ್ ನೌಕಾನೆಲೆಗೆ ಜಮೀನು ಹೋದಾಗ ಬಂದ ಪರಿಹಾರದಲ್ಲಿ ತಮ್ಮ ತಂಗಿಗೆ, ಅಂದರೆ ನಮ್ಮ ಅತ್ತೆಗೆ, ಪಾಲು ಕೊಟ್ಟಿರಲಿಲ್ಲ. ಇವೆರಡನ್ನೇ ಹೇಳಿಕೊಂಡು ಕೂರುತ್ತಾರೆ. ಪ್ರತಿ ಶನಿವಾರ ಕುಮ್ಸಾರಿಗೆ, ಅಂದರೆ ಪಾಪನಿವೇದನೆಗೆ, ಹೋಗುತ್ತಾರೆ, ಆದರೂ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳಲು ಹೆದರುತ್ತಾರೆ. ಬೇರೆ ಪ್ರಾರ್ಥನಾ ಸಭೆ ಸೇರಿದ ಸಂಬಂಧಿಕರೊಬ್ಬರು ಬಂದು ‘ಈ ರಾತ್ರಿ ಸತ್ತರೆ ಸ್ವರ್ಗಕ್ಕೆ ಹೋಗುವ ಖಾತ್ರಿ ಇದೆಯಾ?’ ಎಂದು ಕೇಳಿ ಹೋದ ಮೇಲೆ ರಾತ್ರಿ ನಿದ್ದೆಯೂ ಇಲ್ಲ. ‘ನೀವು ಒಳ್ಳೆಯವರು ಅಪ್ಪ, ಏನೂ ಆಗಲ್ಲ’ ಅಂದರೆ ಅರ್ಧ ಗಂಟೆ ಸುಮ್ಮನಿರುತ್ತಾರೆ, ಮತ್ತೆ ಅದೇ. ನಾನು ಏನು ಮಾಡಲಿ?

ಉತ್ತರ: ಮೊದಲು ಆ ‘ನೀವು ಒಳ್ಳೆಯವರು’ ಎಂಬ ಮಾತನ್ನು ನಿಲ್ಲಿಸಿ. ಪ್ರೀತಿಯಿಂದಲೇ ಹೇಳುತ್ತೀರಿ, ಆದರೆ ಅದು ಅವರ ಭಯದ ಮೂಲಕ್ಕೆ ತಲುಪುವುದಿಲ್ಲ. ತಾನು ಒಳ್ಳೆಯವನಲ್ಲ ಎನ್ನುವುದೇ ಅವರ ಸಂಕಟ. ನೀವು ಒಳ್ಳೆಯವರು ಎಂದ ಕೂಡಲೇ ಅವರ ಮನಸ್ಸು ಅದಕ್ಕೆ ಎದುರಾದ ಹತ್ತು ಸಂಗತಿಗಳನ್ನು ಹುಡುಕಿ ತರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನುಷ್ಯ ಒಳ್ಳೆಯವನಾಗಿದ್ದರಿಂದ ಸ್ವರ್ಗ ಗಳಿಸುತ್ತಾನೆ ಎಂದು ಧರ್ಮಸಭೆ ಎಂದೂ ಕಲಿಸಿಲ್ಲ. ಕ್ರಿಸ್ತರು ಗಳಿಸಿಕೊಟ್ಟದ್ದನ್ನು ನಾವು ಸ್ವೀಕರಿಸುತ್ತೇವೆ, ಅದರಲ್ಲಿ ನಡೆಯುತ್ತೇವೆ, ಬಿದ್ದರೆ ಪಶ್ಚಾತ್ತಾಪಪಟ್ಟು ಏಳುತ್ತೇವೆ. ನಿಮ್ಮ ತಂದೆ ತಮ್ಮ ಬದುಕಿನ ಲೆಕ್ಕ ಕೂಡಿಸುತ್ತಿರುವಷ್ಟು ದಿನ ಉತ್ತರ ಸಿಗುವುದಿಲ್ಲ, ಯಾಕೆಂದರೆ ಆ ಲೆಕ್ಕ ಯಾರದ್ದೂ ಸರಿಹೋಗುವಂಥದ್ದಲ್ಲ.

ಸಂಬಂಧಿಕರು ಕೇಳಿದ ಪ್ರಶ್ನೆಗೆ ಕಥೋಲಿಕರ ಉತ್ತರ 1547ರಷ್ಟು ಹಳೆಯದು. ಆ ವರ್ಷ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಇದನ್ನೇ ಚರ್ಚಿಸಿ ಎರಡು ಮಾತು ಹೇಳಿತು. ದೇವರು ವಿಶೇಷವಾಗಿ ತಿಳಿಸದ ಹೊರತು, ತಾನು ಕೊನೆಯವರೆಗೂ ಕೃಪೆಯಲ್ಲಿ ಉಳಿಯುತ್ತೇನೆಂದು ಯಾರೂ ಸಂಪೂರ್ಣ ಖಚಿತತೆಯಿಂದ ಹೇಳಲಾರರು, ಇದು ಒಂದು. ಹಾಗಿದ್ದರೂ ದೇವರ ಸಹಾಯದಲ್ಲಿ ಎಲ್ಲರೂ ಅತ್ಯಂತ ದೃಢವಾದ ಭರವಸೆ ಇಡಬೇಕು, ದೇವರ ಕರುಣೆಯನ್ನಾಗಲಿ ಸಂಸ್ಕಾರಗಳ ಶಕ್ತಿಯನ್ನಾಗಲಿ ಯಾವ ಭಕ್ತನೂ ಶಂಕಿಸಬಾರದು, ಇದು ಇನ್ನೊಂದು. ನಮ್ಮ ಮನೆಗಳಲ್ಲಿ ಮೊದಲನೆಯ ಮಾತು ಮಾತ್ರ ಉಳಿದುಕೊಂಡಿದೆ, ಎರಡನೆಯದು ಮರೆತೇ ಹೋಗಿದೆ. ಹಳೆ ತಲೆಮಾರು ಕೇಳಿ ಬೆಳೆದ ನರಕದ ಬೋಧನೆಗಳೂ ಇದಕ್ಕೆ ಕಾರಣ. ಭಯವನ್ನೇ ಭಕ್ತಿ ಎಂದುಕೊಂಡವರು ಈ ಕರಾವಳಿಯಲ್ಲಿ ಬಹಳ ಮಂದಿ ಇದ್ದಾರೆ.

ಹಾಗಾಗಿ ‘ನನಗೆ ಖಚಿತವಾಗಿ ಗೊತ್ತಿಲ್ಲ’ ಎನ್ನುವುದು ನಿಮ್ಮ ತಂದೆಯ ವಿಶ್ವಾಸದ ಕೊರತೆ ಅಲ್ಲ. ಸಂತ ಪೌಲರೇ ಕೊರಿಂಥದವರಿಗೆ ಬರೆದ ಮೊದಲ ಪತ್ರದ 4ನೇ ಅಧ್ಯಾಯದಲ್ಲಿ, ನನ್ನ ಮನಸ್ಸಿಗೆ ಯಾವ ದೋಷವೂ ತೋರುತ್ತಿಲ್ಲ, ಆದರೂ ನನ್ನನ್ನು ನಾನೇ ತೀರ್ಪು ಮಾಡಿಕೊಳ್ಳುವುದಿಲ್ಲ, ತೀರ್ಪು ಪ್ರಭುವಿನದು ಎನ್ನುತ್ತಾರೆ. 1431ರ ಧರ್ಮದ್ರೋಹದ ವಿಚಾರಣೆಯಲ್ಲಿ ಫ್ರಾನ್ಸಿನ ಸಂತ ಜೋನ್ ಆಫ್ ಆರ್ಕ್‌ಗೆ ‘ನೀನು ದೇವರ ಕೃಪೆಯಲ್ಲಿದ್ದೀಯೆಂದು ಗೊತ್ತಾ?’ ಎಂದು ಕೇಳಿದರು. ಹೌದೆಂದರೂ ಅಲ್ಲವೆಂದರೂ ಸಿಕ್ಕಿಬೀಳುವ ಪ್ರಶ್ನೆ ಅದು. ಇಲ್ಲದಿದ್ದರೆ ದೇವರು ನನ್ನನ್ನು ಅದರಲ್ಲಿ ಇರಿಸಲಿ, ಇದ್ದರೆ ಅಲ್ಲೇ ಉಳಿಸಲಿ ಎಂದಳು ಆಕೆ. ಕಥೋಲಿಕ ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ 2005ನೇ ಪರಿಚ್ಛೇದದಲ್ಲಿ ಇದೇ ಉತ್ತರವನ್ನು ಎತ್ತಿ ಹೇಳುತ್ತದೆ. ನಿಮ್ಮ ತಂದೆಗೆ ಕಲಿಸಬೇಕಾದ ಉತ್ತರ ಇದೇ. ಮುಂದಿನ ಸಲ ಯಾರಾದರೂ ‘ಈ ರಾತ್ರಿ ಸತ್ತರೆ?’ ಎಂದು ಕೇಳಿದರೆ ಅವರು ಹೀಗೆ ಹೇಳಲಿ: ‘ನನ್ನ ಮೇಲೆ ನನಗೆ ನಂಬಿಕೆ ಇಲ್ಲ, ಯೇಸುವಿನ ಮೇಲೆ ಇದೆ.’ ಕೇಳಿದವರು ಇದಕ್ಕೆ ವಾದ ಹೂಡಲಾರರು. ಲುಥೆರನ್ ಸಭೆಗಳೂ ಕಥೋಲಿಕ ಧರ್ಮಸಭೆಯೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಸಹಿ ಹಾಕಿದ ಜಂಟಿ ಘೋಷಣೆಯಲ್ಲೂ, ವಿಶ್ವಾಸಿ ತನ್ನ ದೌರ್ಬಲ್ಯ ನೋಡಿ ಹೆದರಿದರೂ ದೇವರ ವಾಗ್ದಾನದ ಮೇಲೆ ಆತುಕೊಳ್ಳಬಹುದು ಎಂಬಲ್ಲಿ ಇಬ್ಬರೂ ಒಂದಾಗಿದ್ದಾರೆ. ಸಂಬಂಧಿಕರೊಡನೆ ಜಗಳ ಬೇಡ. ಆದರೆ ಆರು ತಿಂಗಳು ಈ ವಿಷಯ ಅಪ್ಪನ ಮುಂದೆ ಎತ್ತಬೇಡಿ ಎಂದು ಅವರಿಗೆ ಸ್ಪಷ್ಟವಾಗಿ ಹೇಳುವ ಹಕ್ಕು ನಿಮಗಿದೆ.

ಇಷ್ಟು ಬೋಧನೆಯ ಮಾತು. ಆದರೆ ಬೋಧನೆ ಒಂದರಿಂದಲೇ ನಿಮ್ಮ ತಂದೆಗೆ ನಿದ್ದೆ ಬರುವುದಿಲ್ಲ, ಏಕೆಂದರೆ ನೀವು ಬರೆದದ್ದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಗಂಟುಬಿದ್ದಿವೆ: ಪಾಪವೇ ಅಲ್ಲದ್ದು, ತೀರಿಸಬೇಕಾದ ನಿಜವಾದ ಋಣ, ಮತ್ತು ರೋಗವಾಗಿರಬಹುದಾದ ಭಯ. ಮೂರಕ್ಕೂ ಒಂದೇ ಮದ್ದು ಕೊಡುತ್ತಿರುವುದರಿಂದಲೇ ಯಾವುದೂ ನಾಟುತ್ತಿಲ್ಲ.

ಸೌದಿಯ ವರ್ಷಗಳದ್ದು ಸುಲಭ. ಅಲ್ಲಿ ಚರ್ಚ್ ಇಲ್ಲ, ಸಾರ್ವಜನಿಕ ಪೂಜೆಗೆ ಅವಕಾಶವಿಲ್ಲ. ಪೂಜೆಗೆ ಹೋಗುವುದು ಸಾಧ್ಯವೇ ಇಲ್ಲದ ಕಡೆ ಭಾನುವಾರದ ಕಟ್ಟಳೆ ಅನ್ವಯಿಸುವುದಿಲ್ಲ. ಮಾರಕ ಪಾಪವಾಗಲು ಮೂರೂ ಒಟ್ಟಿಗೆ ಇರಬೇಕು: ವಿಷಯ ಗಂಭೀರವಾಗಿರಬೇಕು, ಅದು ತಪ್ಪೆಂದು ಪೂರ್ತಿ ತಿಳಿದಿರಬೇಕು, ತಾನಾಗಿ ಒಪ್ಪಿ ಮಾಡಿರಬೇಕು. ಒಂದು ಇಲ್ಲದಿದ್ದರೂ ಅದು ಮಾರಕ ಪಾಪವಲ್ಲ. ರಜೆಗೆ ಊರಿಗೆ ಬಂದಾಗಲೂ ಉದ್ದೇಶಪೂರ್ವಕ ತಪ್ಪಿಸಿದ್ದರೆ ಅದು ಬೇರೆ ಮಾತು, ಒಮ್ಮೆ ಹೇಳಿಕೊಂಡರೆ ಮುಗಿಯಿತು. ಇದನ್ನು ನಿಮ್ಮ ಬಾಯಿಂದ ಕೇಳಿದರೆ ಅವರು ನಂಬಲಿಕ್ಕಿಲ್ಲ, ಫಾದರ್ ಹೇಳಬೇಕು.

ಅತ್ತೆಯ ಪಾಲು ಹಾಗಲ್ಲ. ಇಲ್ಲಿ ಅವರ ಮನಸ್ಸಾಕ್ಷಿ ಸರಿಯಾಗಿಯೇ ಚುಚ್ಚುತ್ತಿರಬಹುದು, ಅದನ್ನು ‘ಬಿಡಿ ಅಪ್ಪ, ಹಳೆ ಕಥೆ’ ಎಂದು ತಳ್ಳಿಹಾಕಬೇಡಿ. ಪಾಪನಿವೇದನೆಯಲ್ಲಿ ಪಾಪ ಕ್ಷಮೆಯಾಗುತ್ತದೆ, ಆದರೆ ಬೇರೆಯವರಿಗೆ ಆದ ನಷ್ಟ ತುಂಬಿಕೊಡುವ ಹೊಣೆ ಉಳಿಯುತ್ತದೆ. ಧರ್ಮೋಪದೇಶ ಗ್ರಂಥ 1459 ಮತ್ತು 2412ನೇ ಪರಿಚ್ಛೇದಗಳಲ್ಲಿ ಇದನ್ನೇ ಹೇಳುತ್ತದೆ. ವಾರವಾರ ಕುಮ್ಸಾರಿಗೆ ಹೋದರೂ ಸಮಾಧಾನ ಸಿಗದಿರುವುದಕ್ಕೆ ಇದೇ ಕಾರಣ ಇರಬಹುದು.

ಮೊದಲು ಋಣ ಇದೆಯೇ ಎಂದು ನೋಡಿ. ಜಮೀನು ಯಾರ ಹೆಸರಲ್ಲಿತ್ತು, ಅಜ್ಜ ಮರಣಪತ್ರ ಬರೆದಿದ್ದರೇ, ಅತ್ತೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದರೇ, ಮದುವೆಯಲ್ಲಿ ಅವರ ಪಾಲೆಂದೇ ಏನಾದರೂ ಕೊಟ್ಟಿದ್ದರೇ? ಕರ್ನಾಟಕದ ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಮರಣಪತ್ರ ಇಲ್ಲದೆ ತಂದೆ ತೀರಿಕೊಂಡರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅದರಲ್ಲಿ ಸಮಪಾಲು. ಗೋವಾದ ನೆಂಟರ ಮನೆಯಲ್ಲಿ ನಡೆಯುವ ಕಾನೂನು ಬೇರೆ, ಅದನ್ನು ಇಲ್ಲಿಗೆ ತರಬೇಡಿ. ಕಾಗದಗಳನ್ನು ಒಬ್ಬ ವಕೀಲರಿಗೆ ತೋರಿಸಿದರೆ ಪಾಲು ಇತ್ತೋ ಇಲ್ಲವೋ ತಿಳಿಯುತ್ತದೆ. ಇರಲಿಲ್ಲವೆಂದಾದರೆ ಅದೂ ಒಂದು ದೊಡ್ಡ ಬಿಡುಗಡೆ.

ಪಾಲು ಇತ್ತು ಎಂದಾದರೆ ಅಪ್ಪನೂ ಅತ್ತೆಯೂ ಮುಖಾಮುಖಿ ಕೂರಲಿ. ಅಪ್ಪ ಮೊದಲು ತಪ್ಪೊಪ್ಪಿಕೊಳ್ಳಲಿ, ಹಣದ ಮಾತು ಆಮೇಲೆ. ಈಗ ಕೈಲಾಗುವಷ್ಟು ಕೊಟ್ಟರೆ ಸಾಕು, ಕೈಯಲ್ಲಿಲ್ಲದ್ದನ್ನು ದೇವರು ಕೇಳುವುದಿಲ್ಲ. ಕಂತಿನಲ್ಲಿ ಕೊಡಬಹುದು. ಅತ್ತೆ ಮನಸಾರೆ ‘ಬೇಡ ಅಣ್ಣ’ ಎಂದರೆ ಋಣ ಅಲ್ಲಿಗೆ ತೀರಿತು. ಅವರು ತೀರಿಕೊಂಡಿದ್ದರೆ ಅವರ ಮಕ್ಕಳಿಗೆ ಸಲ್ಲಬೇಕು. ಚರ್ಚಿಗೆ ಮೇಣದಬತ್ತಿ, ಪೂಜೆಯ ಕಾಣಿಕೆ, ಹಬ್ಬದ ದೇಣಿಗೆ ಕೊಟ್ಟು ಇದನ್ನು ಸರಿದೂಗಿಸಲಾಗದು. ಹಣ ಸಲ್ಲಬೇಕಾದವರು ಸಿಗುವುದೇ ಇಲ್ಲ ಎನ್ನುವಾಗ ಮಾತ್ರ ಬಡವರಿಗೆ ಕೊಡುವ ಮಾತು. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, ಒಂದು ಸಾಲು ಬರೆಸಿ ಸಹಿ ತೆಗೆದುಕೊಳ್ಳಿ, ಮುಂದೆ ಮೊಮ್ಮಕ್ಕಳ ಕಾಲಕ್ಕೆ ಮತ್ತೆ ತಕರಾರು ಏಳದಿರಲಿ. ಇನ್ನೊಂದು ಮಾತು ನಿಮಗೆ ಮತ್ತು ನಿಮ್ಮ ಒಡಹುಟ್ಟಿದವರಿಗೆ: ಆ ಹಣ ಮುಂದೆ ನಿಮಗೆ ಬರಬೇಕಾದದ್ದು. ‘ಕೊಡಿ ಅಪ್ಪ, ನಮಗೆ ಬೇಡ’ ಎಂದು ನೀವೆಲ್ಲ ಸೇರಿ ಹೇಳಿದರೆ, ನಿಮ್ಮ ತಂದೆಗೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳ ಮುಖ ನೋಡಿಯೇ ಹಿರಿಯರು ಬಾಯಿ ಬಿಡುವುದಿಲ್ಲ.

ಇನ್ನು ಪಾಪನಿವೇದನೆ. ಪ್ರತಿ ಶನಿವಾರ ಅದೇ ಪಾಪಗಳನ್ನು ಹೇಳುವುದು ಭಕ್ತಿಯಂತೆ ಕಂಡರೂ ಹಾನಿಯನ್ನೇ ಮಾಡುತ್ತದೆ. ಹೇಳಿ ಬಂದಾಗ ತುಸು ಹಗುರ, ಮನೆ ತಲುಪುವಷ್ಟರಲ್ಲಿ ‘ಸರಿಯಾಗಿ ಹೇಳಿದೆನಾ? ಫಾದರ್‌ಗೆ ಕೇಳಿಸಿತಾ?’ ಎಂಬ ಅನುಮಾನ. ತುರಿಕೆಯನ್ನು ಕೆರೆದಂತೆ, ಕೆರೆದಷ್ಟೂ ಹೆಚ್ಚು. ಯೇಸುಸಭೆ ಸ್ಥಾಪಿಸಿದ ಲೊಯೋಲಾದ ಸಂತ ಇಗ್ನಾಸಿಯವರಿಗೂ ಇದೇ ಆಗಿತ್ತು. 1522ರಲ್ಲಿ ಸ್ಪೇನಿನ ಮಾನ್‌ಸೆರಾಟ್‌ನಲ್ಲಿ ಮೂರು ದಿನ ಹಿಡಿದು ಇಡೀ ಬದುಕಿನ ಪಾಪಗಳನ್ನು ಬರೆದು ನಿವೇದಿಸಿದ ಮೇಲೂ, ಮನ್ರೇಸಾದಲ್ಲಿ ಹಳೆಯದೇ ಮತ್ತೆ ಮತ್ತೆ ಕಾಡಿತು, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಯಿತು. ತೀರ ಸ್ಪಷ್ಟವಾಗಿದ್ದರೆ ಮಾತ್ರ ಹಳೆಯ ಪಾಪ ಹೇಳು ಎಂದರು ಗುರುಗಳು. ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹಳೆಯದನ್ನು ಇನ್ನು ಹೇಳುವುದೇ ಇಲ್ಲ ಎಂದು ತೀರ್ಮಾನಿಸಿದ ಮೇಲೆಯೇ ಬಿಡುಗಡೆ. ನಿಮ್ಮ ತಂದೆಗೂ ನಿಯಮ ಹೀಗೆಯೇ ಇರಲಿ: ವಿನಾಯಿತಿ ಬೇಡ, ‘ಒಂದು ವೇಳೆ’ ಬೇಡ.

ಕ್ರಮ ಹೀಗಿರಲಿ. ಅವರು ನಂಬುವ ಒಬ್ಬ ಗುರುವನ್ನು ಆರಿಸಿ. ಸಾಧ್ಯವಾದರೆ ಕೊಂಕಣಿ ಬಲ್ಲವರೇ ಇರಲಿ. ಬಾಲ್ಯದಲ್ಲಿ ಕಲಿತ ಭಾಷೆಯಲ್ಲೇ ಭಯವೂ ಇರುತ್ತದೆ. ನೀವು ಮೊದಲೇ ಹೋಗಿ ಪರಿಸ್ಥಿತಿ ಹೇಳಿಬನ್ನಿ. ಅಪ್ಪ ಒಳಗೆ ಹೇಳಿದ್ದನ್ನು ಫಾದರ್ ನಿಮಗೆ ಎಂದೂ ಹೇಳುವಂತಿಲ್ಲ, ಕೇಳಲೂ ಬೇಡಿ. ಶನಿವಾರದ ಸಾಲಿನಲ್ಲಿ ಐದು ನಿಮಿಷಕ್ಕೆ ಮುಗಿಸುವ ಕೆಲಸ ಇದಲ್ಲ. ವಾರದ ಮಧ್ಯೆ ಒಂದು ಬೆಳಿಗ್ಗೆ ಮುಕ್ಕಾಲು ಗಂಟೆ ಕೇಳಿಕೊಳ್ಳಿ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಕೊನೆ, ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬೇಡ, ಗುರುಗಳಿಗೆ ಆಗ ಬಿಡುವಿರುವುದಿಲ್ಲ. ಕಿವಿ ಮಂದವಾಗಿದ್ದರೆ ಜಾಲರಿಯ ಹಿಂದೆ ಬೇಡ, ಕೋಣೆಯಲ್ಲಿ ಎದುರುಬದುರು ಕುರ್ಚಿಯಲ್ಲಿ ಕೂರಲಿ. ಮಂಡಿಯೂರಲೇಬೇಕೆಂದಿಲ್ಲ.

ಅಲ್ಲಿ ಒಂದೇ ಒಂದು ಸಲ, ಇಡೀ ಬದುಕಿನ ಸಾಮಾನ್ಯ ಪಾಪನಿವೇದನೆ. ಬರೆದುಕೊಂಡು ಹೋಗುವುದಾದರೆ ಒಂದು ಹಾಳೆ, ಒಂದೇ ಬದಿ. ಗಂಭೀರ ಪಾಪಗಳನ್ನು ಮಾತ್ರ ಬರೆಯಲಿ. ಯಾವ ಬಗೆಯದು, ನೆನಪಿರುವಷ್ಟರ ಮಟ್ಟಿಗೆ ಎಷ್ಟು ಸಲ ಎಂಬುದು ಸಾಕು. ‘ಸುಮಾರು ಇಷ್ಟು ವರ್ಷ, ಆಗಾಗ’ ಎಂದರೂ ನಡೆಯುತ್ತದೆ. ಪ್ರಾಮಾಣಿಕವಾಗಿ ಮರೆತ ಪಾಪಗಳೂ ಅದರಲ್ಲೇ ಕ್ಷಮೆಯಾಗುತ್ತವೆ. ಈ ಮಾತನ್ನು ಫಾದರ್ ಬಾಯಿಬಿಟ್ಟು ಹೇಳಲೇಬೇಕು. ಮುಗಿದ ದಿನವೇ ಹಾಳೆಯನ್ನು ಸುಟ್ಟುಬಿಡಿ. ಮಡಚಿ ಬೈಬಲ್ಲಿನೊಳಗೆ ಇಟ್ಟರೆ ಎರಡೇ ದಿನಕ್ಕೆ ಅದರಲ್ಲಿ ಹೊಸ ಸಾಲು ಸೇರುತ್ತದೆ. ಆಮೇಲೆ ಸಂಸ್ಕಾರದ ಹೊರಗೆ, ನೀವೂ ಕೂತಿರುವಾಗ, ಗುರುಗಳು ನಿಯಮ ಹೇಳಲಿ: ತಿಂಗಳಿಗೆ ಒಂದೇ ಪಾಪನಿವೇದನೆ, ಇದೇ ಗುರುವಿನ ಬಳಿ, ಕಳೆದ ತಿಂಗಳಿನದು ಮಾತ್ರ, ಹಳೆಯದು ಬಾಯಿಗೆ ಬರುವಂತಿಲ್ಲ. ಇದು ಮುರಿಯುವುದು ಸಾಮಾನ್ಯವಾಗಿ ಹಬ್ಬಗಳಲ್ಲಿ. ಚಂದಾವರಕ್ಕೋ ಹಳೇ ಗೋವಾಕ್ಕೋ ಹೋದಾಗ ಪರಿಚಯವಿಲ್ಲದ ಗುರುಗಳ ಮುಂದೆ ಎಲ್ಲವನ್ನೂ ಮತ್ತೆ ಬಿಚ್ಚಿಡುವ ಆಸೆಯಾಗುತ್ತದೆ. ಆ ಗುರುವಿಗೆ ಹಿನ್ನೆಲೆ ತಿಳಿದಿರುವುದಿಲ್ಲ, ಒಂದು ಮಾತು ಹೆಚ್ಚುಕಡಿಮೆಯಾದರೂ ತಿಂಗಳುಗಳ ಶ್ರಮ ಹಾಳು.

ಪರಮಪ್ರಸಾದದಿಂದ ದೂರ ಉಳಿಯುವುದನ್ನು ಇನ್ನೂ ಬೇಗ ಸರಿಪಡಿಸಿ. ನಿವೇದನೆ ಮಾಡಿ ಕ್ಷಮೆ ಪಡೆದವರು ಅನುಮಾನದ ಕಾರಣಕ್ಕೆ ಹಿಂದೆ ಉಳಿಯಬೇಕಿಲ್ಲ. ಪರಮಪ್ರಸಾದ ಸ್ವೀಕರಿಸುವುದೆಂದು ಫಾದರ್ ಜೊತೆ ಮೊದಲೇ ಒಪ್ಪಂದವಾಗಿದ್ದರೆ, ಸಾಲಿನಲ್ಲಿ ನಿಂತಾಗ ಹೊಸದಾಗಿ ಆತ್ಮಪರೀಕ್ಷೆ ಮಾಡಿಕೊಳ್ಳುವಂತಿಲ್ಲ. ಬೆಳಿಗ್ಗೆ ಮಾತ್ರೆ, ಚಹಾ, ಬಿಸ್ಕತ್ತು ತೆಗೆದುಕೊಂಡೆ ಎಂದು ಹೆದರಿದರೆ, ಒಂದು ಗಂಟೆಯ ಉಪವಾಸದ ನಿಯಮ ವೃದ್ಧರಿಗೂ ಕಾಯಿಲೆಯವರಿಗೂ ಅವರನ್ನು ನೋಡಿಕೊಳ್ಳುವವರಿಗೂ ಇಲ್ಲವೆಂದು ತಿಳಿಸಿ. ಬೂದಿ ಬುಧವಾರದ ಉಪವಾಸವೂ 59 ತುಂಬಿದ ಮೇಲೆ ಕಡ್ಡಾಯವಲ್ಲ. ಮಳೆಗಾಲದಲ್ಲಿ ಹೊರಡಲಾಗದ ಭಾನುವಾರ ಪೂಜೆ ತಪ್ಪಿದರೆ ಪಾಪವಿಲ್ಲ. ನಡೆಯಲಾಗದಿದ್ದರೆ ಧರ್ಮಕೇಂದ್ರಕ್ಕೆ ಹೇಳಿ, ಪರಮಪ್ರಸಾದವನ್ನು ಮನೆಗೇ ತರುತ್ತಾರೆ. ಸತತ ಒಂಬತ್ತು ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ತೆಗೆದುಕೊಳ್ಳುವ ಲೆಕ್ಕ, ಬೆಂತಿಣ್ (ಭಕ್ತಿಯಿಂದ ಧರಿಸುವ ಬಟ್ಟೆಯ ತುಂಡು) ಕೊರಳಿನಿಂದ ಜಾರಿತೆಂಬ ಗಾಬರಿ ಇದ್ದರೆ ಆ ಲೆಕ್ಕಗಳನ್ನು ಸದ್ಯಕ್ಕೆ ಬಿಡಿಸಿ. ಅವು ಭರವಸೆ ಹೆಚ್ಚಿಸಲು ಬಂದ ಭಕ್ತಿಗಳು, ಇವರಲ್ಲಿ ಭಯ ಹೆಚ್ಚಿಸುತ್ತಿವೆ.

ಸತ್ತ ಮೇಲೆ ಸ್ವರ್ಗಕ್ಕೆ ಮುಂಚೆ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳದ ಹೆದರಿಕೆ ಇದ್ದರೆ ಒಂದೇ ಮಾತು ಹೇಳಿ: ಅಲ್ಲಿರುವವರೆಲ್ಲ ಸ್ವರ್ಗಕ್ಕೆ ಹೋಗುವುದು ನಿಶ್ಚಿತ. ಅದು ನರಕದ ಇನ್ನೊಂದು ಕೋಣೆಯಲ್ಲ.

ರಾತ್ರಿ ಎರಡು ಗಂಟೆಗೆ ಎದ್ದು ಕೇಳಿದಾಗ ವಾದ ಮಾಡಬೇಡಿ, ವಚನಗಳ ಮೇಲೆ ವಚನ ಓದಬೇಡಿ. ಮನೆಯವರೆಲ್ಲ ಒಂದೇ ಉತ್ತರ ಕೊಡಿ: ‘ಅದಕ್ಕೆ ಫಾದರ್ ಉತ್ತರ ಹೇಳಿದ್ದಾರೆ ಅಪ್ಪ, ಬನ್ನಿ, ಒಂದು ನಮಾನ್ ಮರಿಯೆ ಹೇಳೋಣ.’ ಮಾತೆ ಮರಿಯಳ ಆ ಪ್ರಾರ್ಥನೆ ಒಂದೇ ಸಲ, ಇಡೀ ತೇರ್ಸ್ (ಜಪಸರ) ಅಲ್ಲ. ಐದು ರಹಸ್ಯಗಳ ಒಂದು ಜಪಸರದಲ್ಲಿ 53 ಸಲ ಅವರು ತಮ್ಮ ಮರಣದ ಗಳಿಗೆಗಾಗಿ ಪ್ರಾರ್ಥಿಸಲು ಮಾತೆಯನ್ನು ಕೇಳಿಕೊಂಡೇ ಬಂದಿದ್ದಾರೆ. ಬದುಕೆಲ್ಲ ಮಾಡಿದ ಆ ಬೇಡಿಕೆ ಎಲ್ಲೂ ಕಳೆದುಹೋಗಿಲ್ಲ ಎಂದು ಹಗಲಲ್ಲಿ, ಸಮಾಧಾನವಾಗಿರುವಾಗ ನೆನಪಿಸಿ. ಹಗಲಿಗೆ ಒಂದು ವಚನ ಸಾಕು: ಯೊವಾನ್ನನ ಮೊದಲ ಪತ್ರ 3:20, ನಮ್ಮ ಹೃದಯ ನಮ್ಮನ್ನು ದೋಷಿ ಎಂದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವರು.

ಈಗ ಮೂರನೆಯದು, ನೀವು ಕೇಳದಿದ್ದರೂ ಹೇಳಲೇಬೇಕಾದದ್ದು. ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಊಟ ಸೇರದೆ ತೂಕ ಇಳಿಯುವುದು, ಸ್ನಾನ ಪೇಪರು ಟಿವಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ‘ನಾನು ನಿಮಗೆ ಭಾರ’ ಎನ್ನುವುದು – ಇವು ಎರಡು ವಾರ ಮೀರಿ ಇದ್ದರೆ ಅದು ವೃದ್ಧಾಪ್ಯದ ಖಿನ್ನತೆ ಇರಬಹುದು. ಖಿನ್ನತೆಯಲ್ಲಿ ಅಪರಾಧಭಾವ ಅಳತೆಮೀರಿ ಬೆಳೆಯುತ್ತದೆ, ಭಕ್ತರಲ್ಲಿ ಅದು ಪಾಪದ ರೂಪ ತಾಳುತ್ತದೆ. ಅದೇ ಯೋಚನೆ ಬೇಡವೆಂದರೂ ನುಗ್ಗಿ, ನಿವೇದನೆ ಮಾಡಿದಾಗ ಮಾತ್ರ ತಣ್ಣಗಾಗುತ್ತಿದ್ದರೆ ಅದು ಗೀಳು ರೋಗ ಇರಬಹುದು. ಎರಡಕ್ಕೂ ಚಿಕಿತ್ಸೆ ಇದೆ. ಮೊದಲು ಥೈರಾಯ್ಡ್, ಬಿ12, ಸಕ್ಕರೆ, ಸೋಡಿಯಂ ಪರೀಕ್ಷೆ ಮಾಡಿಸಿ, ಆಮೇಲೆ ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೋ ಮನೋವೈದ್ಯರಿಗೆ ತೋರಿಸಿ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮರೆಯದೆ ಹೇಳಿ. ಖಿನ್ನತೆಯ ಕೆಲವು ಮಾತ್ರೆಗಳೊಡನೆ ವಯಸ್ಸಾದವರಲ್ಲಿ ಸೋಡಿಯಂ ಇಳಿಯಬಹುದು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು, ಹತ್ತು ದಿನಕ್ಕೆ ಬಿಟ್ಟುಬಿಡಬೇಡಿ. ಸಾಯುವ ಮಾತು ಬಂದರೆ ಅದೇ ದಿನ ಆಸ್ಪತ್ರೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ರಾತ್ರಿಯೂ ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಬಳಿ ಹೋಗಲು ಒಪ್ಪದಿದ್ದರೆ ಫಾದರ್ ಕೈಲಿ ಹೇಳಿಸಿ.

ಕೊನೆಯದಾಗಿ, ಕಾಯಿಲೆಯವರಿಗೆ ಗುರುಗಳು ತೈಲ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಸಂಸ್ಕಾರ. ಇದು ಕೊನೆಯುಸಿರಿನವರಿಗೆ ಮಾತ್ರವೆಂಬ ಭಯದಿಂದ ನಮ್ಮ ಮನೆಗಳಲ್ಲಿ ತಡಮಾಡುತ್ತಾರೆ, ಫಾದರ್ ಬರುವಷ್ಟರಲ್ಲಿ ರೋಗಿಗೆ ಪ್ರಜ್ಞೆ ಇರುವುದಿಲ್ಲ, ನಿವೇದನೆಗೂ ಅವಕಾಶವಿಲ್ಲ. ವಯಸ್ಸು ಅಥವಾ ಕಾಯಿಲೆಯಿಂದ ದೇಹ ಅಪಾಯದತ್ತ ಜಾರತೊಡಗಿದಾಗಲೇ ಇದನ್ನು ಪಡೆಯಬಹುದು; ಕಾಯಿಲೆ ಉಲ್ಬಣಿಸಿದರೆ ಮತ್ತೆ ಪಡೆಯಬಹುದು. ಹಣೆಗೂ ಅಂಗೈಗಳಿಗೂ ತೈಲ ಹಚ್ಚುತ್ತಾರೆ. ಒಂದು ಮೇಜು, ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದಬತ್ತಿ, ತೀರ್ಥ ಸಿದ್ಧವಿದ್ದರೆ ಸಾಕು. ಸ್ಥಿತಿ ಗಂಭೀರವಾದಾಗ ಕೊನೆಯ ಪರಮಪ್ರಸಾದವನ್ನೂ ಮರಣದ ಗಳಿಗೆಯ ಪೂರ್ಣ ದಂಡವಿಮೋಚನೆಯನ್ನೂ (ಕ್ಷಮೆಯಾದ ಪಾಪಗಳಿಗೆ ಉಳಿದ ಶಿಕ್ಷೆಯ ಮನ್ನಾ) ನೀವೇ ಕೇಳಿ. ಗಡಿಬಿಡಿಯಲ್ಲಿ ಎರಡನೆಯದು ಬಿಟ್ಟುಹೋಗುವುದುಂಟು. ಧರ್ಮಕೇಂದ್ರದ ಮತ್ತು ಪಕ್ಕದ ಧರ್ಮಕೇಂದ್ರದ ಫೋನ್ ನಂಬರ್ ಗೋಡೆಗೆ ಅಂಟಿಸಿಡಿ. ಘಟ್ಟದ ರಸ್ತೆಯಲ್ಲಿ, ಆಂಬುಲೆನ್ಸಿನಲ್ಲಿ, ಯಾವ ಗುರುವೂ ಸಿಗದೆ ಕೊನೆಗಾಲ ಬಂದರೂ ಭಯವಿಲ್ಲ. ಅವರ ಕಿವಿಯ ಹತ್ತಿರ ಪಶ್ಚಾತ್ತಾಪದ ಪ್ರಾರ್ಥನೆ ನಿಧಾನವಾಗಿ ಹೇಳಿ. ಬದುಕಿನಲ್ಲಿ ಪ್ರಾರ್ಥನೆಯ ರೂಢಿ ಇಟ್ಟುಕೊಂಡು ಬಂದವರು ಸರಿಯಾದ ಮನಃಸ್ಥಿತಿಯಲ್ಲಿದ್ದರೆ, ಗುರು ಸಿಗದಿದ್ದರೂ ಧರ್ಮಸಭೆ ಆ ದಂಡವಿಮೋಚನೆಯನ್ನು ಮರಣದ ಗಳಿಗೆಯಲ್ಲಿ ತಾನಾಗಿ ಕೊಡುತ್ತದೆ, ಉಳಿದ ಷರತ್ತುಗಳನ್ನು ತಾನೇ ತುಂಬಿಕೊಡುತ್ತದೆ. ಇದನ್ನು ನಿಮ್ಮ ತಂದೆಗೆ ಈಗಲೇ, ಆರೋಗ್ಯವಾಗಿರುವಾಗಲೇ, ಫಾದರ್ ಎದುರಿನಲ್ಲಿ ತಿಳಿಸಿ.